ಸರಪಳಿ ಹಿಡಿದು ಬಂದ ಕರ್ನಲ್ ಲ್ಯಾಂಬ್ಟನ್



ಗಡಿ ಊರುಗಳಲ್ಲಿ ಹತ್ತನೇ ತರಗತಿಯ ಕನ್ನಡ ಮಕ್ಕಳಿಗೆ ಸಂಜೆ ಪಾಠ ಹೇಳಿಕೊಡುವ ನಮ್ಮ ಸದಸ್ಯರು ಒಂದು ಮಾತನ್ನು ಮತ್ತೆ ಮತ್ತೆ ಹೇಳುತ್ತಾರೆ. ಬಡ್ಡಿ ಲೆಕ್ಕಕ್ಕೆ, ವಿಸ್ತೀರ್ಣಕ್ಕೆ ಮಕ್ಕಳು ತಕರಾರು ತೆಗೆಯುವುದಿಲ್ಲ. ತ್ರಿಕೋನಮಿತಿ ಶುರುವಾದ ದಿನ ಮಾತ್ರ, ಇದರಿಂದ ಯಾರಿಗೆ ಏನು ಉಪಯೋಗ ಸಾರ್ ಎಂದು ಕೇಳಿಯೇ ಕೇಳುತ್ತಾರೆ. ಪರೀಕ್ಷೆಗೆ ಬರುತ್ತದೆ ಎಂಬ ಉತ್ತರ ಮಕ್ಕಳಿಗೂ ಸಾಲದು, ನಮಗೂ ಸಾಲದು. ಆದ್ದರಿಂದ ಈ ತಿಂಗಳ ವ್ಯಕ್ತಿ ಪರಿಚಯಕ್ಕೆ ತ್ರಿಭುಜಗಳ ಲೆಕ್ಕವನ್ನೇ ಹೊಟ್ಟೆಪಾಡು ಮಾಡಿಕೊಂಡು ನಮ್ಮ ಈ ಸೀಮೆಯಲ್ಲೇ ಇಪ್ಪತ್ತಕ್ಕೂ ಹೆಚ್ಚು ವರ್ಷ ಓಡಾಡಿದ ಒಬ್ಬರನ್ನು ಆರಿಸಿಕೊಂಡಿದ್ದೇವೆ. ಅವರ ಹೆಸರು ವಿಲಿಯಂ ಲ್ಯಾಂಬ್ಟನ್. ಎವರೆಸ್ಟ್ ಎಂಬ ಹೆಸರು ಎಲ್ಲರಿಗೂ ಗೊತ್ತು. ಆ ಜಾರ್ಜ್ ಎವರೆಸ್ಟರಿಗೆ ಕೆಲಸ ಹೇಳಿಕೊಟ್ಟ ಮೇಲಧಿಕಾರಿ ಇವರು.

ಲ್ಯಾಂಬ್ಟನ್ ಹುಟ್ಟಿದ್ದು ಇಂಗ್ಲೆಂಡಿನ ಉತ್ತರ ಯಾರ್ಕ್‌ಷೈರಿನಲ್ಲಿ, ನಾರ್ಥಲರ್ಟನ್ ಪೇಟೆಯ ಹತ್ತಿರದ ಒಂದು ಬಡ ಬೇಸಾಯದ ಮನೆಯಲ್ಲಿ. ಓದಿನಲ್ಲಿ ಚುರುಕಾಗಿದ್ದ ಹುಡುಗ, ಗಣಿತದಲ್ಲಂತೂ ಇನ್ನೂ ಹೆಚ್ಚು. ಸೈನ್ಯ ಸೇರಿ, ಅಮೆರಿಕದ ಯುದ್ಧ ಕಂಡು, ಅದು ಮುಗಿದ ಮೇಲೆ ಕೆನಡಾದ ನ್ಯೂ ಬ್ರನ್ಸ್‌ವಿಕ್ ಪ್ರಾಂತದಲ್ಲಿ ಬ್ಯಾರಕ್‌ಮಾಸ್ಟರ್ ಆಗಿ ಉಳಿದುಬಿಟ್ಟರು. ಬ್ಯಾರಕ್‌ಮಾಸ್ಟರ್ ಎಂದರೆ ದೊಡ್ಡ ಹುದ್ದೆಯೇನಲ್ಲ. ಸಿಪಾಯಿಗಳ ವಸತಿ, ಸೌದೆ, ಹಾಸಿಗೆಗಳ ಲೆಕ್ಕ ಇಡುವ ಕೆಲಸ. ಅಂದರೆ ಹೆಚ್ಚುಕಡಿಮೆ ನಮ್ಮಂಥ ಗುಮಾಸ್ತರ ಕೆಲಸವೇ. ಸುಮಾರು ಹದಿಮೂರು ವರ್ಷ ಆ ಚಳಿ ಸೀಮೆಯಲ್ಲಿ ಕೂತು ಅವರು ಗಣಿತ, ಖಗೋಳ, ಭೂಮಾಪನದ ಪುಸ್ತಕಗಳನ್ನು ತರಿಸಿಕೊಂಡು ಓದಿದರು. ಅಲ್ಲಿದ್ದಾಗಲೇ ಕಪ್ಪು ಗಾಜಿಲ್ಲದೆ ಸೂರ್ಯಗ್ರಹಣ ನೋಡಿ ಒಂದು ಕಣ್ಣಿನ ದೃಷ್ಟಿ ಹೋಯಿತು. ಮುಂದೆ ದಕ್ಷಿಣ ಭಾರತವನ್ನೆಲ್ಲ ದೂರದರ್ಶಕದಲ್ಲಿ ಅಳೆದವರು ಒಂದೇ ಕಣ್ಣಿನವರು ಎಂಬುದನ್ನು ಮಕ್ಕಳಿಗೆ ತಪ್ಪದೆ ಹೇಳಬೇಕು.

ನಲವತ್ತು ದಾಟಿದ ಮೇಲೆ, 1796ರಲ್ಲಿ, ಅವರು ತಮ್ಮ ಪಡೆಯನ್ನು ಮತ್ತೆ ಕೂಡಿಕೊಂಡು ಕಲ್ಕತ್ತೆಗೆ ಬಂದರು. ಪಡೆಯ ನಾಯಕರು ಆರ್ಥರ್ ವೆಲ್ಲೆಸ್ಲಿ, ಮುಂದೆ ನೆಪೋಲಿಯನ್ನನನ್ನು ಸೋಲಿಸಿದವರು. 1799ರಲ್ಲಿ ಟಿಪ್ಪು ಸುಲ್ತಾನರ ಮೇಲೆ ಕೊನೆಯ ಯುದ್ಧಕ್ಕೆ ಈ ಪಡೆಯೂ ಶ್ರೀರಂಗಪಟ್ಟಣಕ್ಕೆ ಬಂತು. ಅಲ್ಲಿ ಒಂದು ರಾತ್ರಿ ನಡೆದ ಘಟನೆ ಹೀಗಿದೆ. ಜನರಲ್ ಬೇರ್ಡ್ ಕತ್ತಲಲ್ಲಿ ಒಂದು ತೋಪನ್ನು ಶೋಧಿಸಿ ಸೈನ್ಯದೊಂದಿಗೆ ಬಿಡಾರಕ್ಕೆ ಹಿಂದಿರುಗುತ್ತಿದ್ದರು. ಲ್ಯಾಂಬ್ಟನ್ ತಲೆಯೆತ್ತಿ ನಕ್ಷತ್ರ ನೋಡಿ, ನಾವು ದಕ್ಷಿಣಕ್ಕಲ್ಲ, ಉತ್ತರಕ್ಕೆ ಹೋಗುತ್ತಿದ್ದೇವೆ, ನೇರ ಸುಲ್ತಾನರ ಪಾಳೆಯದ ಕಡೆಗೆ ಎಂದು ತಿಳಿಸಿದರು. ಜನರಲ್ಲರಿಗೆ ಮೊದಲು ನಂಬಿಕೆ ಬರಲಿಲ್ಲ. ದಿಕ್ಸೂಚಿ ತೆಗೆದು ನೋಡಿದಾಗ ನಕ್ಷತ್ರ ಹೇಳಿದ್ದೇ ಸರಿಯಾಗಿತ್ತು. ಲೆಕ್ಕ ಬಲ್ಲ ಒಬ್ಬ ಸಣ್ಣ ಅಧಿಕಾರಿಯಿಂದ ಅಂದು ಎಷ್ಟು ಜನರ ಜೀವ ಉಳಿಯಿತೋ!

ಯುದ್ಧ ಮುಗಿಯಿತು. ಟಿಪ್ಪುವಿನ ರಾಜ್ಯವನ್ನು ಕಂಪನಿ, ನಿಜಾಮ, ಮೈಸೂರು ಒಡೆಯರ ನಡುವೆ ಹಂಚಿದರು. ಹಂಚಿದ ನೆಲಕ್ಕೆ ನಕ್ಷೆ ಬೇಕಾಯಿತು. ಮೈಸೂರು ಸೀಮೆಯ ಊರು, ಕೆರೆ, ರಸ್ತೆಗಳ ಮೋಜಣಿಯನ್ನು ಕಾಲಿನ್ ಮೆಕೆಂಝಿಯವರಿಗೆ ಒಪ್ಪಿಸಿದರು. ಕೈಫಿಯತ್ತುಗಳನ್ನು ಬರೆಸಿದ ಈ ಮೆಕೆಂಝಿಯವರನ್ನು ಕನ್ನಡ ವಿದ್ವಾಂಸರು ಇಂದಿಗೂ ನೆನೆಯುತ್ತಾರೆ. ಲ್ಯಾಂಬ್ಟನ್ ಮುಂದಿಟ್ಟ ಯೋಜನೆ ಬೇರೆ. ಪೂರ್ವ ಕಡಲಿನಿಂದ ಪಶ್ಚಿಮ ಕಡಲಿನವರೆಗೆ ತ್ರಿಭುಜಗಳ ಒಂದು ಸಾಲು ಹೆಣೆಯಬೇಕು. ಬೆಟ್ಟದ ತುದಿಗಳ ಸ್ಥಾನವನ್ನು ತಪ್ಪಿಲ್ಲದೆ ಗೊತ್ತುಪಡಿಸಬೇಕು. ಉಳಿದೆಲ್ಲ ನಕ್ಷೆಗಳೂ ಆ ಚೌಕಟ್ಟಿಗೆ ಹೊಂದಿಕೊಳ್ಳಬೇಕು. ಜೊತೆಗೆ ಭೂಮಿಯ ನಿಜವಾದ ಆಕಾರ ಏನೆಂಬುದೂ ಅದರಿಂದ ತಿಳಿಯಬೇಕು. ವೆಲ್ಲೆಸ್ಲಿಯವರ ಬೆಂಬಲದಿಂದ ಮದರಾಸು ಸರ್ಕಾರ ಒಪ್ಪಿತು.

ಒಪ್ಪದವರೂ ಇದ್ದರು. ಹಣಕಾಸು ನೋಡುತ್ತಿದ್ದ ಒಬ್ಬ ಅಧಿಕಾರಿಯ ಆಕ್ಷೇಪಣೆಯನ್ನು ಓದಿದರೆ ಈಗಲೂ ನಗು ಬರುತ್ತದೆ. ಶ್ರೀರಂಗಪಟ್ಟಣಕ್ಕೆ ಹೋಗಬೇಕಾದ ಪ್ರಯಾಣಿಕ ಪಲ್ಲಕ್ಕಿ ಹೊರುವ ಬೋಯಿಗಳ ಮುಖ್ಯಸ್ಥನಿಗೆ ಒಂದು ಮಾತು ಹೇಳಿದರೆ ಸಾಕು, ಲ್ಯಾಂಬ್ಟನ್ನರ ನಕ್ಷೆ ಇಲ್ಲದೆಯೂ ಊರು ತಲುಪುತ್ತಾನೆ ಎಂಬುದು ಅವರ ವಾದ. ವಾದ ಸುಳ್ಳಲ್ಲ. ಆದರೆ ಕಡತಕ್ಕೆ ಇಂಥ ಷರಾ ಬರೆಯುವವರು ಪ್ರತಿ ಕಚೇರಿಯಲ್ಲೂ ಇರುತ್ತಾರೆ ಎಂಬುದು ನಮ್ಮ ಮೂವತ್ತು ಚಿಲ್ಲರೆ ವರ್ಷದ ಅನುಭವ.

ಉಪಕರಣಗಳ ಕಥೆಯೂ ಸ್ವಾರಸ್ಯದ್ದೇ. ಇಂಗ್ಲೆಂಡಿನ ಹೆಸರಾಂತ ಕುಶಲಕರ್ಮಿ ರ‍್ಯಾಮ್ಸ್‌ಡನ್ ತಯಾರಿಸಿದ 100 ಅಡಿಯ ಉಕ್ಕಿನ ಸರಪಳಿಯೊಂದು ಚೀನಾದ ಚಕ್ರವರ್ತಿಗೆ ಕಾಣಿಕೆಯಾಗಿ ಹೋಗಿತ್ತು. ಅಲ್ಲಿ ಅದು ಸ್ವೀಕಾರವಾಗದೆ ಕಲ್ಕತ್ತೆಗೆ ಬಂದು, ಕೊನೆಗೆ ಲ್ಯಾಂಬ್ಟನ್ನರ ಕೈ ಸೇರಿತು. ಕೋನ ಅಳೆಯುವ ಯಂತ್ರವಾದ ಥಿಯೋಡೊಲೈಟನ್ನು ಲಂಡನ್ನಿನಲ್ಲಿ ಕ್ಯಾರಿ ಎಂಬುವರು ಮಾಡಿದರು. ಅದರ ಅಡ್ಡ ಚಕ್ರದ ವ್ಯಾಸವೇ 36 ಅಂಗುಲ, ಒಟ್ಟು ತೂಕ ಸುಮಾರು ಅರ್ಧ ಟನ್. ಅದನ್ನು ತರುತ್ತಿದ್ದ ಹಡಗನ್ನು ಫ್ರೆಂಚರು ಹಿಡಿದು ಮಾರಿಷಸ್ಸಿಗೆ ಎಳೆದೊಯ್ದರು. ಪೆಟ್ಟಿಗೆ ಬಿಚ್ಚಿ ನೋಡಿದ ಅಲ್ಲಿನ ಗವರ್ನರರು ಇದು ಯುದ್ಧದ ಸಾಮಾನಲ್ಲ, ವಿಜ್ಞಾನದ್ದು ಎಂದು ಕಂಡು, ಮರ್ಯಾದೆಯಿಂದ ಮದರಾಸಿಗೆ ಕಳಿಸಿಕೊಟ್ಟರು. ಶತ್ರುಗಳೂ ಒಮ್ಮೊಮ್ಮೆ ಹೀಗೆ ನಡೆದುಕೊಳ್ಳುತ್ತಾರೆ.

ಮೊದಲ ಆಧಾರ ರೇಖೆಯನ್ನು 1800ರಲ್ಲಿ ಬೆಂಗಳೂರಿನ ಬಳಿ ಅಳೆದರು. ಆದರೆ ಮದರಾಸಿನ ಸೇಂಟ್ ಥಾಮಸ್ ಮೌಂಟಿನ ಹತ್ತಿರ 1802ರ ಏಪ್ರಿಲ್ 10ರಂದು ಆರಂಭಿಸಿದ ಆಧಾರ ರೇಖೆಯೇ ಇಡೀ ಕೆಲಸಕ್ಕೆ ಬುನಾದಿ. ಉದ್ದ ಸುಮಾರು ಏಳೂವರೆ ಮೈಲಿ. ಏಳೂವರೆ ಮೈಲಿ ಅಳೆಯುವುದು ಏನು ಮಹಾ ಎನ್ನಬೇಡಿ. 100 ಅಡಿಯ ಸರಪಳಿಯನ್ನು ಸುಮಾರು 400 ಸಲ ಹಾಸಬೇಕು. ನೆಲದ ಮೇಲೆ ಎಳೆದರೆ ಏರುತಗ್ಗು ಸೇರಿ ಲೆಕ್ಕ ಕೆಡುತ್ತದೆ. ಆದ್ದರಿಂದ ಮುಕ್ಕಾಲಿಗಳನ್ನು ನಿಲ್ಲಿಸಿ, ಅವುಗಳ ಮೇಲೆ ಮರದ ದೋಣಿಗಳನ್ನು ಸಮಮಟ್ಟಕ್ಕೆ ಕೂಡಿಸಿ, ಅದರೊಳಗೆ ಸರಪಳಿ ಹಾಸಿ, ಪಕ್ಕದಲ್ಲಿ ಉಷ್ಣಮಾಪಕ ಇಟ್ಟು, ಮೇಲೆ ನೆರಳು ಮಾಡಿಕೊಂಡು ಅಳೆದರು.

ಉಷ್ಣಮಾಪಕ ಏಕೆಂದರೆ ಉಕ್ಕು ಬಿಸಿಲಿಗೆ ಹಿಗ್ಗುತ್ತದೆ. ಬಿಸಿಲು 10 ಡಿಗ್ರಿ ಸೆಲ್ಸಿಯಸ್ ಏರಿದರೆ 100 ಅಡಿಯ ಸರಪಳಿ ಅಂಗುಲದ ಏಳನೇ ಒಂದು ಪಾಲಿನಷ್ಟು ಉದ್ದವಾಗುತ್ತದೆ. ಅಷ್ಟೇ ತಾನೇ ಎನಿಸಬಹುದು. ಅದನ್ನು 400ರಿಂದ ಗುಣಿಸಿ ನೋಡಿ. ನಾಲ್ಕೂವರೆ ಅಡಿಗೂ ಮೀರಿದ ತಪ್ಪು! ಆ ತಪ್ಪು ಅಲ್ಲಿಗೇ ನಿಲ್ಲದೆ, ಅದರ ಮೇಲೆ ಕಟ್ಟುವ ಪ್ರತಿ ತ್ರಿಭುಜದಲ್ಲೂ ಬೆಳೆಯುತ್ತ ಹೋಗುತ್ತದೆ. ಏಪ್ರಿಲ್‌, ಮೇ ತಿಂಗಳ ಮದರಾಸಿನ ಬಿಸಿಲನ್ನು ಬಲ್ಲವರಿಗೆ ಈ ಕಾಳಜಿ ಅರ್ಥವಾದೀತು.

ಇನ್ನು ತ್ರಿಭುಜದ ಗುಟ್ಟು. ಊರಿನ ಹೊಳೆಯನ್ನು ದಾಟದೆ ಅದರ ಅಗಲ ತಿಳಿಯಬೇಕು ಎಂದುಕೊಳ್ಳಿ. ಆಚೆ ದಡದ ಮರಕ್ಕೆ ನೇರ ಎದುರಾಗಿ ಈಚೆ ದಡದಲ್ಲಿ ಒಂದು ಕೋಲು ನೆಡಿ. ದಡದ ಗುಂಟ ನಡೆಯುತ್ತ ಹೋಗಿ, ಅದೇ ಮರ 45 ಡಿಗ್ರಿ ಓರೆಯಲ್ಲಿ ಕಾಣುವ ಕಡೆ ಇನ್ನೊಂದು ಕೋಲು ನೆಡಿ. ಎರಡು ಕೋಲುಗಳ ನಡುವೆ ಎಷ್ಟು ದೂರವೋ ಹೊಳೆಯ ಅಗಲವೂ ಅಷ್ಟೇ. ಲ್ಯಾಂಬ್ಟನ್ ಮಾಡಿದ್ದೂ ಇದನ್ನೇ, ಕೋನ ಯಾವುದಿದ್ದರೂ ಲೆಕ್ಕ ಹಾಕಿಕೊಡುವ ಸೈನ್ ಕೋಷ್ಟಕ ಅವರ ಬಳಿ ಇತ್ತು. ಒಂದು ಬದಿಯನ್ನು ಸರಪಳಿಯಿಂದ ಅಳೆದರಾಯಿತು. ಅದರ ಎರಡೂ ತುದಿಗಳಿಂದ ದೂರದ ಬೆಟ್ಟದ ಕೋನ ನೋಡಿದರೆ ಉಳಿದೆರಡು ಬದಿಗಳು ಕಾಗದದ ಮೇಲೇ ಸಿಗುತ್ತವೆ. ಹಾಗೆ ಸಿಕ್ಕ ಬದಿಯೇ ಮುಂದಿನ ತ್ರಿಭುಜಕ್ಕೆ ಆಧಾರ. ಬೆಟ್ಟದಿಂದ ಬೆಟ್ಟಕ್ಕೆ ಹೀಗೆ ಹಾರುತ್ತ ಹೋದರೆ ಕಾಡು, ಹೊಳೆ, ಕಣಿವೆಗಳನ್ನು ಸರಪಳಿಯಿಂದ ತುಳಿಯಬೇಕಾಗಿಲ್ಲ. ಮಕ್ಕಳು ಗಮನಿಸಬೇಕಾದ ಇನ್ನೊಂದು ಸೂಕ್ಷ್ಮವಿದೆ. ಭೂಮಿ ಗುಂಡಗಿರುವುದರಿಂದ ಅದರ ಮೇಲಿನ ದೊಡ್ಡ ತ್ರಿಭುಜದ ಮೂರು ಕೋನಗಳ ಮೊತ್ತ 180 ಡಿಗ್ರಿಗಿಂತ ಕೊಂಚ ಹೆಚ್ಚು. ಬದಿಗೆ 30 ಮೈಲಿ ಇರುವ ತ್ರಿಭುಜದಲ್ಲಿ ಆ ಹೆಚ್ಚಳ ಸುಮಾರು 5 ಸೆಕೆಂಡು. ಒಂದು ಸೆಕೆಂಡು ಎಂದರೆ ಡಿಗ್ರಿಯ 3600ನೇ ಒಂದು ಪಾಲು. ಅದನ್ನೂ ಅವರು ಬಿಡದೆ ಲೆಕ್ಕಕ್ಕೆ ಹಿಡಿದರು.

ಮದರಾಸಿನಿಂದ ಪಶ್ಚಿಮಕ್ಕೆ ಹೊರಟ ತ್ರಿಭುಜಗಳು ಘಟ್ಟ ಹತ್ತಿ ಮೈಸೂರು ಸೀಮೆಗೆ ಬಂದವು. ಲೆಕ್ಕ ದಾರಿ ತಪ್ಪಿದೆಯೋ ಇಲ್ಲವೋ ತಿಳಿಯಲು 1804ರಲ್ಲಿ ಬೆಂಗಳೂರಿನ ಹತ್ತಿರ ಮತ್ತೊಂದು ಆಧಾರ ರೇಖೆಯನ್ನು ಸರಪಳಿಯಿಂದಲೇ ಅಳೆದರು. ಅಳೆದವರು ಅವರ ಸಹಾಯಕ ವಾರೆನ್. ಮದರಾಸಿನಿಂದ ಇನ್ನೂರು ಮೈಲಿ ಲೆಕ್ಕ ಹಾಕುತ್ತ ಬಂದ ಉದ್ದಕ್ಕೂ, ನೆಲದ ಮೇಲೆ ಸರಪಳಿ ಹಾಸಿ ಕಂಡ ಉದ್ದಕ್ಕೂ ವ್ಯತ್ಯಾಸ ಎಷ್ಟಿತ್ತು ಗೊತ್ತೇ? ಏಳು ಮೈಲಿ ದಾಟಿದ ರೇಖೆಯಲ್ಲಿ ನಾಲ್ಕು ಅಂಗುಲಕ್ಕೂ ಕಡಿಮೆ. ನಮ್ಮ ದೃಷ್ಟಿಯಲ್ಲಿ ಲ್ಯಾಂಬ್ಟನ್ನರ ಬದುಕಿನ ದೊಡ್ಡ ದಿನ ಅದೇ. ಅಲ್ಲಿಂದ ಸಾವನದುರ್ಗ ಮೊದಲಾದ ಬೆಟ್ಟಗಳ ಮೇಲಿಂದ, ಕೊಡಗಿನ ತಡಿಯಂಡಮೋಳ್ ಶಿಖರದ ಮೇಲಿಂದ ಸಾಲು ಮುಂದುವರಿದು ಮಂಗಳೂರಿನ ಕಡಲು ಮುಟ್ಟಿತು. ಕರಾವಳಿಯಿಂದ ಕರಾವಳಿಗೆ ಸುಮಾರು 400 ಮೈಲಿ ಎಂದು ಹಳೆಯ ನಕ್ಷೆಗಳು ಹೇಳುತ್ತಿದ್ದವು. ನಿಜವಾಗಿ ಇದ್ದದ್ದು ಸುಮಾರು 360. ಅಂದರೆ 40 ಮೈಲಿ ಅಗಲದ ನೆಲ ಕಾಗದದ ಮೇಲೆ ಮಾತ್ರ ಇತ್ತು! ಪಲ್ಲಕ್ಕಿಯ ಬೋಯಿಗಳಿಗೆ ಶ್ರೀರಂಗಪಟ್ಟಣದ ದಾರಿ ಗೊತ್ತಿತ್ತು, ಸರಿ. ಆದರೆ ಈ ನಲವತ್ತು ಮೈಲಿಯ ಸಂಗತಿಯನ್ನು ಅವರು ಹೇಳಲಾರದೆ ಹೋಗುತ್ತಿದ್ದರು.

ಎರಡನೆಯ ಕೆಲಸ ಇನ್ನೂ ದೊಡ್ಡದು. 78ನೆಯ ರೇಖಾಂಶದ ಅಕ್ಕಪಕ್ಕದಲ್ಲಿ ದಕ್ಷಿಣೋತ್ತರವಾಗಿ ಮಹಾ ಚಾಪ ಎಂದು ಹೆಸರಾದ ಸಾಲು. ಅದರ ಒಂದು ಮುಖ್ಯ ಠಾಣೆ ಬೆಂಗಳೂರಿನ ದೊಡ್ಡಗುಂಟ. ಅಲ್ಲಿಂದ ತೆಂಕಣಕ್ಕೆ ಘಟ್ಟ ಇಳಿದು ಕೊಯಮತ್ತೂರು ಸೀಮೆಗೆ, ಮುಂದೆ ಕನ್ಯಾಕುಮಾರಿಯ ತನಕ. ಹೊಸೂರು, ತಾಳವಾಡಿಯ ಸದಸ್ಯರು ದಿನಾ ನೋಡುವ ಬೆಟ್ಟಸಾಲಿನ ಸೀಮೆ ಇದು. ಬೆಟ್ಟವಿದ್ದಲ್ಲಿ ಕೆಲಸ ಸಲೀಸು. ಕಾವೇರಿಯ ಬಯಲಿನಲ್ಲಿ ಬೆಟ್ಟವಿಲ್ಲ, ಎತ್ತ ನೋಡಿದರೂ ತೆಂಗು, ತಾಳೆ. ಹಾಗಾಗಿ ದೇವಸ್ಥಾನದ ಗೋಪುರಗಳನ್ನೇ ಬೆಟ್ಟ ಮಾಡಿಕೊಂಡರು. 1808ರಲ್ಲಿ ತಂಜಾವೂರಿನ ದೊಡ್ಡ ದೇವಾಲಯದ ಗೋಪುರಕ್ಕೆ ಥಿಯೋಡೊಲೈಟನ್ನು ಏರಿಸುವಾಗ ಹಗ್ಗ ಕಿತ್ತು, ಅರ್ಧ ಟನ್ನಿನ ಯಂತ್ರ ಗೋಡೆಗೆ ಬಡಿಯಿತು. ಚಕ್ರವೇ ಸೊಟ್ಟಗಾಯಿತು. ಇನ್ನೊಬ್ಬರಾಗಿದ್ದರೆ ವರದಿ ಬರೆದು ಊರಿಗೆ ಹೊರಟುಬಿಡುತ್ತಿದ್ದರು. ಲ್ಯಾಂಬ್ಟನ್ ಡೇರೆಯೊಳಗೆ ಕೂತು, ತಿರುಪು, ಬೆಣೆಗಳಿಂದ ಚಕ್ರವನ್ನು ಎಳೆದೆಳೆದು, ಆರು ವಾರದಲ್ಲಿ ಮತ್ತೆ ದುಂಡಗೆ ಮಾಡಿದರು. ಅದೇ ಯಂತ್ರದಿಂದ ಮತ್ತೆ ಎಷ್ಟೋ ವರ್ಷ ಕೆಲಸ ನಡೆಯಿತು.

ಚಾಪ ಬಡಗಣಕ್ಕೂ ಬೆಳೆಯಿತು. 1811ರಲ್ಲಿ ಗುತ್ತಿಯ ಬಳಿ ಒಂದು ಆಧಾರ ರೇಖೆ, 1815ರಲ್ಲಿ ಬೀದರ ಸೀಮೆಯ ದಾಮರಗಿದ್ದದಲ್ಲಿ ಇನ್ನೊಂದು. ಕನ್ಯಾಕುಮಾರಿಯ ಹತ್ತಿರದ ಪುನ್ನೈಯಿಂದ ದಾಮರಗಿದ್ದದ ತನಕ ಹತ್ತಿರ ಹತ್ತಿರ 10 ಡಿಗ್ರಿ ಅಕ್ಷಾಂಶ. ಅಂದರೆ ಸುಮಾರು 1,100 ಕಿಲೋಮೀಟರ್. ಭೂಮಿ ಧ್ರುವಗಳಲ್ಲಿ ಕೊಂಚ ಚಪ್ಪಟೆ ಎಂಬುದನ್ನು ಇಂಥ ಅಳತೆಗಳು ಗಟ್ಟಿ ಮಾಡಿದವು. ನಮ್ಮ ಕಡೆ ಒಂದು ಡಿಗ್ರಿ ಅಕ್ಷಾಂಶ ಸುಮಾರು 110.6 ಕಿಲೋಮೀಟರ್ ಇದ್ದರೆ, ಲ್ಯಾಂಬ್ಟನ್ ಹುಟ್ಟಿದ ಊರಿನ ಕಡೆ ಸುಮಾರು 111.3.

ಈ ಗೆರೆಯ ಎರಡೂ ಕಡೆ ಇರುವ ಊರುಗಳನ್ನು ನೋಡಿದರೆ ನಮ್ಮ ಸಂಘದ ಸದಸ್ಯರ ಪಟ್ಟಿಯನ್ನೇ ನೋಡಿದಂತಾಗುತ್ತದೆ. ಹೊಸೂರು, ಮಡಕಶಿರಾ, ರಾಯದುರ್ಗ, ಆದೋನಿ, ಬೀದರದ ಆಚೆಯ ತೆಲಂಗಾಣದ ಊರುಗಳು, ಪಡುವಣದ ಸಾಲು ಇಳಿದ ಕಡೆ ಕಾಸರಗೋಡಿನ ಕರಾವಳಿ. ಆಗ ಈ ಯಾವ ಊರೂ ಗಡಿ ಊರಾಗಿರಲಿಲ್ಲ. ಆದೋನಿ, ರಾಯದುರ್ಗಗಳು 1953ರವರೆಗೂ ಬಳ್ಳಾರಿ ಜಿಲ್ಲೆಯಲ್ಲೇ ಇದ್ದವು. ಕಾಸರಗೋಡು ಕೇರಳಕ್ಕೆ ಹೋದದ್ದು 1956ರಲ್ಲಿ. ರಾಜ್ಯಗಳ ಗೆರೆ ಎಳೆದವರ ಮುಂದೆ ಇದ್ದದ್ದು ಈ ಮೋಜಣಿಯ ಚೌಕಟ್ಟಿನಲ್ಲಿ ಬೆಳೆದ ನಕ್ಷೆಗಳೇ. ಆ ಗೆರೆ ಸರಿಯಿಲ್ಲ ಎಂದು ನಾವು ಇಂದಿಗೂ ಹೇಳುತ್ತೇವೆ, ಮುಂದೆಯೂ ಹೇಳುತ್ತೇವೆ. ಆದರೆ ನಕ್ಷೆ ಸರಿಯಿಲ್ಲ ಎಂದು ವಾದಿಸಿದವರನ್ನು ನಾವು ಕಾಣೆವು. ಬೆಟ್ಟ ಎಲ್ಲಿದೆ ಎಂಬುದನ್ನು ಲೆಕ್ಕ ಹೇಳಿತು. ಬೆಟ್ಟ ಯಾರಿಗೆ ಸೇರಬೇಕು ಎಂಬುದನ್ನು ಬೇರೆಯವರು ಬೇರೆ ಕಡೆ ಕೂತು ತೀರ್ಮಾನಿಸಿದರು. ಇಂದು ಅದೇ ಅಳತೆಯ ಹೊಲಕ್ಕೆ ಕರ್ನಾಟಕದಲ್ಲಿ ಪಹಣಿ, ತಮಿಳುನಾಡಿನಲ್ಲಿ ಪಟ್ಟಾ ಚಿಟ್ಟಾ, ಆಂಧ್ರದಲ್ಲಿ ಅಡಂಗಲ್, ಮಹಾರಾಷ್ಟ್ರದಲ್ಲಿ ಸಾತಬಾರಾ ಉತಾರ, ಕೇರಳದಲ್ಲಿ ತಂಡಪೇರು ಎನ್ನುತ್ತಾರೆ. ಈ ಕಾಗದ ಹಿಡಿದು ಕಚೇರಿಯಿಂದ ಕಚೇರಿಗೆ ಅಲೆದ ಸದಸ್ಯರು ನಮ್ಮಲ್ಲಿ ಬೇಕಾದಷ್ಟು ಜನ ಇದ್ದಾರೆ.

ಲ್ಯಾಂಬ್ಟನ್ನರನ್ನು ಬರಿ ಹೊಗಳಿದರೆ ಸಾಲದು. ಮೋಜಣಿ ನಡೆದದ್ದು ಕಂಪನಿಯ ಆಳ್ವಿಕೆ ಭದ್ರವಾಗಲಿ ಎಂದು. ಹೊತ್ತವರು, ಹತ್ತಿದವರು, ಬೆಟ್ಟದ ತುದಿಯಲ್ಲಿ ಗಾಳಿ ಮಳೆಗೆ ಬಾವುಟ ಹಿಡಿದು ನಿಂತವರು ಈ ನೆಲದ ಖಲಾಸಿಗಳು. ಮಳೆ ನಿಂತ ನಡುವಿನ ಹೊತ್ತಿನಲ್ಲಿ ಗಾಳಿ ತಿಳಿಯಾಗಿ ದೂರದ ಬೆಟ್ಟ ಚೆನ್ನಾಗಿ ಕಾಣುತ್ತದೆ ಎಂದು ಮಳೆಗಾಲದಲ್ಲೇ ಕೆಲಸ. ಮಳೆಗಾಲದ ಕಾಡೆಂದರೆ ಜ್ವರ. ವರದಿಗಳಲ್ಲಿ ಬೆಟ್ಟಗಳ ಹೆಸರಿದೆ, ಈ ಜನರ ಹೆಸರಿಲ್ಲ. ಒಂದು ಒಳ್ಳೆಯ ಮಾತನ್ನೂ ಹೇಳಬೇಕು. ಅವರ ಬಲಗೈಯಾಗಿ ದುಡಿದವರು ಮದರಾಸಿನ ಮೋಜಣಿ ಶಾಲೆಯಲ್ಲಿ ಕಲಿತ ಹುಡುಗರು. ಅದು ಅನಾಥಾಲಯದ ಬಡ ಮಕ್ಕಳಿಗೆ ಕೆಲಸ ಕಲಿಸಲು 1794ರಲ್ಲಿ ಆರಂಭವಾದ ಶಾಲೆ. ಅಲ್ಲಿಂದ ಬಂದ ಜೋಶುವಾ ಡಿ ಪೆನ್ನಿಂಗ್ ಮುಂದೆ ಕಲ್ಕತ್ತೆಯಲ್ಲಿ ಇಡೀ ಮೋಜಣಿಯ ಲೆಕ್ಕದ ಕಚೇರಿಗೇ ಮುಖ್ಯಸ್ಥರಾದರು. ಗಣಿತದಿಂದ ಯಾವ ನೌಕರಿ ಸಿಗುತ್ತದೆ ಎಂದು ಕೇಳುವವರಿಗೆ ಈ ಹುಡುಗನ ಕಥೆ ಸಾಕು. ಅದೇ ಲೆಕ್ಕದ ಕೆಲಸಕ್ಕೆ 1831ರಲ್ಲಿ ಸೇರಿದ ಬಂಗಾಳದ ತರುಣ ರಾಧಾನಾಥ ಸಿಕ್ದರ್. ಹಿಮಾಲಯದ ಹದಿನೈದನೇ ಸಂಖ್ಯೆಯ ಶಿಖರವೇ ಲೋಕದಲ್ಲೆಲ್ಲ ಎತ್ತರ ಎಂದು ಲೆಕ್ಕದಿಂದ ಕಂಡುಕೊಂಡವರು ಅವರೇ ಎಂದು ನಾವೆಲ್ಲ ಓದಿದ್ದೇವೆ.

1818ರಲ್ಲಿ ಈ ಕೆಲಸಕ್ಕೆ ಭಾರತದ ಮಹಾ ತ್ರಿಕೋನಮಿತಿ ಮೋಜಣಿ ಎಂಬ ಹೆಸರು ಬಂದು, ಮದರಾಸು ಸರ್ಕಾರದ ಕೈಯಿಂದ ಗವರ್ನರ್ ಜನರಲ್ಲರ ಕೈಗೆ ಹೋಯಿತು. ಲಂಡನ್ನಿನ ರಾಯಲ್ ಸೊಸೈಟಿಯೂ ಪ್ಯಾರಿಸಿನ ವಿಜ್ಞಾನ ಅಕಾಡೆಮಿಯೂ ಲ್ಯಾಂಬ್ಟನ್ನರಿಗೆ ಸದಸ್ಯತ್ವದ ಗೌರವ ಕೊಟ್ಟವು. ಅದೇ ವರ್ಷ ಎವರೆಸ್ಟ್ ಸಹಾಯಕರಾಗಿ ಬಂದರು. ಬಂದ ಸ್ವಲ್ಪ ಕಾಲದಲ್ಲೇ ಕೃಷ್ಣಾ, ಗೋದಾವರಿ ನಡುವಿನ ಕಾಡಿನಲ್ಲಿ ಜ್ವರಕ್ಕೆ ಬಿದ್ದು, ಚೇತರಿಸಿಕೊಳ್ಳಲು ಆಫ್ರಿಕದ ತೆಂಕಣ ತುದಿಗೆ ಹೋಗಬೇಕಾಯಿತು. ಲ್ಯಾಂಬ್ಟನ್ನರಿಗೂ ವಯಸ್ಸು ಎಪ್ಪತ್ತರ ಆಸುಪಾಸು, ಕೆಮ್ಮು ಬಿಡದು. ಆದರೂ ನಿವೃತ್ತಿಯ ಮಾತೆತ್ತಲಿಲ್ಲ. ಹೈದರಾಬಾದಿನಿಂದ ನಾಗಪುರಕ್ಕೆ ಕಚೇರಿ ಸಾಗಿಸುವ ದಾರಿಯಲ್ಲಿ, ಹಿಂಗಣಘಾಟ್ ಎಂಬಲ್ಲಿ, 1823ರ ಜನವರಿ 20ರಂದು ತೀರಿಕೊಂಡರು. ಅಲ್ಲೇ ಸಮಾಧಿ. ಅಷ್ಟರೊಳಗೆ ಅವರ ತ್ರಿಭುಜಗಳು 1,65,342 ಚದರ ಮೈಲಿ ನೆಲವನ್ನು ಆವರಿಸಿದ್ದವು. ಚಾಪವನ್ನು ಎವರೆಸ್ಟ್ ಮುಂದುವರಿಸಿ ಹಿಮಾಲಯದ ತಪ್ಪಲಿಗೆ ಮುಟ್ಟಿಸಿದರು.

ಕೊನೆಯದಾಗಿ ಸದಸ್ಯರಲ್ಲಿ ಒಂದು ವಿನಂತಿ. ನಿಮ್ಮ ಊರಿನ ಬೆಟ್ಟದ ತಲೆಯ ಮೇಲೆ ವೃತ್ತ, ನಡುವೆ ಚುಕ್ಕೆ ಕೆತ್ತಿದ ಬಂಡೆಯಾಗಲಿ, ಜಿ.ಟಿ.ಎಸ್. ಎಂಬ ಇಂಗ್ಲಿಷ್ ಅಕ್ಷರಗಳಿರುವ ಹಳೆಯ ಕಲ್ಲಾಗಲಿ ಇದ್ದರೆ ಅದು ಈ ಮೋಜಣಿಯದು, ಇಲ್ಲವೇ ಅದರ ಮುಂದುವರಿಕೆಯದು. ಫೋಟೋ ತೆಗೆದು, ಬೆಟ್ಟಕ್ಕೆ ಊರಿನವರು ಕನ್ನಡದಲ್ಲಿ ಕರೆಯುವ ಹೆಸರನ್ನೂ ಸೇರಿಸಿ, ನಿಮ್ಮ ಶಾಖೆಯ ಕಾರ್ಯದರ್ಶಿಗಳಿಗೆ ತಲುಪಿಸಿರಿ. ಮುಂದಿನ ಸಂಚಿಕೆಗಳಲ್ಲಿ ಪ್ರಕಟಿಸುತ್ತೇವೆ. ಕಲ್ಲನ್ನು ಮಾತ್ರ ಯಾರೂ ಅಲುಗಿಸಬಾರದು, ಬಣ್ಣವನ್ನೂ ಬಳಿಯಬಾರದು.